ಮಂಗಳಕ್ಕೆ ಎರಡು ಸೆಕೆಂಡು ಮೊದಲು

ತೊಂಬತ್ತರ ದಶಕದಲ್ಲಿ ಅಮೆರಿಕದ ಪೂರ್ವ ಕರಾವಳಿಯ ರ್ಯಾಪ್ ಹಾಡುಗಾರರಿಗೂ ಪಶ್ಚಿಮ ಕರಾವಳಿಯ ಹಾಡುಗಾರರಿಗೂ ಜಗಳ ಹಚ್ಚಿದವನು ನಾನೇ. ಅದನ್ನು ಹುಬ್ಬಳ್ಳಿಯ ಗದಗ ರೋಡಿನಲ್ಲಿ, ಒಂದು ಅಂಗಡಿಯ ಗಾಜಿನ ಕಪಾಟಿನೊಳಗೆ ಮಲಗಿಕೊಂಡೇ ಹಚ್ಚಿದೆ. ನಾನು ಕೆಮ್ಮಿದ್ದು ಅಲ್ಲಿಗೆ ಕೇಳಿಸಿತು, ಅವರು ಅದನ್ನು ತಮಗೇ ಅಂದುಕೊಂಡರು, ಮುಂದಿನದನ್ನು ಪತ್ರಿಕೆಗಳು ಬರೆದುಕೊಂಡವು. ನಂಬದಿದ್ದರೆ ಬಿಡಿ. ದೊಡ್ಡವರ ಮಾತನ್ನು ಒಂದೇ ಸಲಕ್ಕೆ ನಂಬುವವರು ಕಡಿಮೆ.

ನಾನು ಒಂದು ಕ್ಯಾಸೆಟ್. ತೊಂಬತ್ತು ನಿಮಿಷದ್ದು, ಒಂದು ಮಗ್ಗುಲಿಗೆ ನಲವತ್ತೈದು. ಹುಟ್ಟಿದ್ದು ಯಾವುದೋ ಊರಿನ ಕಾರ್ಖಾನೆಯಲ್ಲಿ. ಕಂದು ಬಣ್ಣದ ನನ್ನ ಟೇಪನ್ನು ಗಾಲಿಗೆ ಸುತ್ತುತ್ತಿದ್ದ ಹೆಂಗಸು ಸುತ್ತಿ ಸುತ್ತಿ ದಣಿದು, ಇದು ಇವತ್ತಿಗೆ ಮುಗಿಯುವುದಲ್ಲ ಎಂದು ಎದ್ದು ಮನೆಗೆ ಹೋದಳು. ಅಷ್ಟು ಉದ್ದ ನಾನು. ಬಿಚ್ಚಿ ಹಾಸಿದರೆ ಹುಬ್ಬಳ್ಳಿಯಿಂದ ಧಾರವಾಡ ಮುಟ್ಟಿ, ಅಲ್ಲಿ ಫೇಡೆ ತಿಂದು, ಅರ್ಧ ದಾರಿ ವಾಪಸು ಬರುತ್ತೇನೆ. ನನ್ನ ಎದೆಯಲ್ಲಿ ತಾಮ್ರದ ತಗಡಿನ ಮೇಲೆ ಅಂಟಿಸಿದ ಒಂದು ಚೂರು ಮೆತ್ತನೆ ಬಟ್ಟೆ ಇದೆ. ಟೇಪನ್ನು ಯಂತ್ರದ ತಲೆಗೆ ಒತ್ತಿ ಹಿಡಿಯುವುದು ಅದರ ಕೆಲಸ. ಉಳಿದ ಕ್ಯಾಸೆಟ್ಟುಗಳಿಗೆ ಅದು ಬರೀ ಬಟ್ಟೆ, ನನಗೆ ಅದು ಹೃದಯ.

ಕ್ಯಾಸೆಟ್ಟಿಗೆ ಕಿವಿ ಎಲ್ಲಿದೆ, ಕಥೆ ಹೇಗೆ ಹೇಳುತ್ತದೆ ಎಂದು ಕೇಳುವ ಜಾಣರು ಇದ್ದೇ ಇರುತ್ತಾರೆ. ನನಗೆ ಮೈಯೆಲ್ಲ ಕಿವಿ.

ನನ್ನನ್ನು ಮೊದಲು ಇಟ್ಟುಕೊಂಡವನು ದಾವಲಸಾಬ. ಗದಗ ರೋಡಿನ ರೈಲ್ವೆ ಕ್ವಾರ್ಟರ್ಸಿನ ಎದುರು ಅವನದೊಂದು ರೆಕಾರ್ಡಿಂಗ್ ಅಂಗಡಿ. ಜನ ಬೇಕಾದ ಹಾಡುಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಬರುತ್ತಿದ್ದರು. ದಾವಲಸಾಬ ಖಾಲಿ ಕ್ಯಾಸೆಟ್ಟಿಗೆ ಅವನ್ನು ತುಂಬಿಸಿಕೊಡುತ್ತಿದ್ದ. ಕಪಾಟಿನಲ್ಲಿ ನನ್ನ ಅಕ್ಕಪಕ್ಕ ಮಲಗಿದವರೆಲ್ಲ ಒಬ್ಬೊಬ್ಬರಾಗಿ ಮದುವೆಯ ವಾಲಗ, ಭಕ್ತಿಗೀತೆ, ಡ್ಯುಯೆಟ್ಟು ತುಂಬಿಕೊಂಡು ಹೊರಟುಹೋದರು. ನನಗೆ ಆ ಗತಿ ಬೇಡವಾಗಿತ್ತು. ಒಮ್ಮೆ ವಾಲಗ ತುಂಬಿದರೆ ಮುಗಿಯಿತು. ವರ್ಷಕ್ಕೊಂದು ಸಲ ಯಾರದೋ ಮದುವೆಯ ದಿನ ತೆಗೆಯುತ್ತಾರೆ, ಉಳಿದ ದಿನ ಡಬ್ಬಿಯಲ್ಲಿ ಇರುವೆಗಳ ಜೊತೆ ವಾಸ.

ತೊಂಬತ್ತಾರರಲ್ಲಿ ನನ್ನ ಭಾಗ್ಯ ತೆರೆಯಿತು. ಇಬ್ಬರು ಹುಡುಗರು ಬಂದರು. ಇಬ್ಬರಿಗೂ ಇಪ್ಪತ್ತೆರಡರ ವಯಸ್ಸು. ಇಬ್ಬರ ಪ್ಯಾಂಟಿನಲ್ಲೂ ಇನ್ನೊಬ್ಬ ಮನುಷ್ಯ ಹಿಡಿಸುವಷ್ಟು ಜಾಗ. ಒಬ್ಬ ಮೌನೇಶ ಬಡಿಗೇರ. ಶಾಮಿಯಾನ ಮತ್ತು ಸೌಂಡ್ ಸಿಸ್ಟಮ್ ಸಾಗಿಸುವ ಮೆಟಡೋರಿನ ಡ್ರೈವರು. ಇನ್ನೊಬ್ಬ ಸ್ಯಾಮ್ಸನ್, ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಒಬ್ಬನ ಮಗ. ಅವನ ಕೊರಳಲ್ಲಿ ಬಂಗಾರದ ಬಣ್ಣ ಬಳಿದ ಸೈಕಲ್ ಚೈನು ಇತ್ತು. ಸ್ಯಾಮ್ಸನ್ನನ ಸೋದರಮಾವ ಮುಂಬಯಿಯಿಂದ ಅಮೆರಿಕದ ರ್ಯಾಪ್ ಕ್ಯಾಸೆಟ್ಟು ಒಂದನ್ನು ತಂದಿದ್ದ. ಅದನ್ನು ಕೇಳಿ ಕೇಳಿ ಇವರಿಬ್ಬರೂ ಕನ್ನಡದಲ್ಲಿ ಹಾಗೆಯೇ ಮಾತಿನ ಹಾಡು ಕಟ್ಟಿ, ಗಣಪತಿ ಕೂರಿಸುವ ಓಣಿಗಳ ಸ್ಟೇಜಿನಲ್ಲಿ ಹಾಡತೊಡಗಿದ್ದರು. ಜೋಡಿಗೆ 'ಗದಗ ರೋಡ್ ಮೇಳ' ಎಂದು ಹೆಸರಿಟ್ಟುಕೊಂಡಿದ್ದರು. ಅವರು ಹಾಡಿದರೆ ಎರಡು ಲಕ್ಷ ಜನ ಸೇರುತ್ತಿದ್ದರು. ಓಣಿಯಲ್ಲಿ ಅಷ್ಟು ಜನ ಎಲ್ಲಿ ನಿಲ್ಲುತ್ತಿದ್ದರು ಎಂದು ಕೇಳಬೇಡಿ, ಒಬ್ಬರ ಹೆಗಲ ಮೇಲೆ ಒಬ್ಬರು ನಿಲ್ಲುತ್ತಿದ್ದರು.

"ಮಾಮಾ, ಒಂದು ಖಾಲಿ ಕ್ಯಾಸೆಟ್ ಕೊಡ್ರಿ," ಅಂದ ಮೌನೇಶ.

"ಏನ್ ತುಂಬಿಸ್ಲಿ?"

"ನೀವೇನೂ ತುಂಬಸಬ್ಯಾಡ್ರಿ. ನಾವಾ ತುಂಬಸ್ತೀವಿ."

"ನಿಮ್ಮ ಬಡಬಡಿಕಿಗೆ ತೊಂಬತ್ತು ನಿಮಿಷದ್ದು ಯಾಕಲೇ?" ಅಂದ ದಾವಲಸಾಬ. ಆದರೂ ಕೈ ಹಾಕಿ ನನ್ನನ್ನೇ ತೆಗೆದ.

ನನ್ನ ಮೇಲೆ ಮೊದಲು ಬಿದ್ದ ಸದ್ದು ಹಾಡಲ್ಲ, ಡಪ್ಪು. ಅದನ್ನು ಬಾರಿಸಿದವಳು ಮೌನೇಶನ ಅಜ್ಜಿ ನಿಂಬೆವ್ವ. ಅವನು ಆಯಿ ಎಂದು ಕರೆಯುತ್ತಿದ್ದ. ಎಪ್ಪತ್ತು ದಾಟಿದ ಆಯಿ ವಯಸ್ಸಿದ್ದಾಗ ಗೀಗೀ ಪದದ ನಾಗೇಶಿ ಮೇಳದಲ್ಲಿ ಹಾಡುತ್ತಿದ್ದವಳು. ಹೆಣ್ಣು ಹೆಚ್ಚು ಎಂದು ನಾಗೇಶಿಯವರು, ಗಂಡು ಹೆಚ್ಚು ಎಂದು ಹರದೇಶಿಯವರು ಎದುರುಬದುರು ನಿಂತು ಸವಾಲು ಎಸೆದು ಜವಾಬು ಕೇಳುವ ಹಾಡಿಕೆ ಅದು. ಮೌನೇಶ ಸ್ಯಾಮ್ಸನ್ನನ ಎರಡು ಕ್ಯಾಸೆಟ್ಟು ಹಿಡಿಸುವ ಟೂ-ಇನ್-ಒನ್ನಿನಲ್ಲಿ ಆಯಿಯ ಡಪ್ಪಿನ ನಾಲ್ಕು ಪೆಟ್ಟು ಹಿಡಿದು, ಪಾಜ್ ಗುಂಡಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಅದೇ ನಾಲ್ಕು ಪೆಟ್ಟನ್ನು ಮೂರು ನಿಮಿಷ ಎಳೆದ. ಅದರ ಮೇಲೆ ಅವರ ಹಾಡು.

ಡಪ್ಪು ಬಾರಿಸಲು ಆಯಿ ಒಪ್ಪಿದಳು, ದನಿ ಕೊಡಲು ಮಾತ್ರ ಒಪ್ಪಲಿಲ್ಲ. "ನನ್ನ ದನಿ ಡಬ್ಬ್ಯಾಗ ಹಾಕಬ್ಯಾಡ. ಎದುರಿಗೆ ಮಂದಿ ಇಲ್ಲದಾ ನನಗ ಬಾಯಿ ಬರಂಗಿಲ್ಲ," ಅನ್ನುತ್ತಿದ್ದಳು. ಮೌನೇಶ ಕೈ ಮುಗಿದರೂ ಇಲ್ಲ, ಎಲೆ ಅಡಿಕೆ ತಂದುಕೊಟ್ಟರೂ ಇಲ್ಲ.

ಒಂದು ಮಧ್ಯಾಹ್ನ ಸ್ಯಾಮ್ಸನ್ ಅವಳ ಪಕ್ಕ ಕುಳಿತು ಅಮೆರಿಕದವರ ಕಥೆ ಹೇಳಿದ. "ಅಲ್ಲಿ ಹಾಡೋರು ಒಬ್ಬರನ್ನೊಬ್ಬರು ಬೈತಾರ ಆಯಿ. ಹೆಸರು ಹೇಳಂಗಿಲ್ಲ. ಅವನ ಬೂಟು, ಅವನ ಓಣಿ, ಅವನ ಕಾರು, ಇಷ್ಟಾ ಹೇಳಿ ಹಾಡಿನ ಒಳಗ ಮುಚ್ಚಿಡ್ತಾರ. ಗೊತ್ತಿದ್ದವರಿಗೆ ತಿವೀತೈತಿ, ಉಳಿದವರು ಕುಣಿತಾರ. ಕೆಲವರು ಕ್ಯಾಸೆಟ್ ಮುಗೀತು ಅಂತ ನಾವು ಎದ್ದು ಹೋಗೂ ಹೊತ್ತಿಗೆ ಕಡೀಗೆ ಬೈತಾರ."

ಆಯಿ ಎಲೆಗೆ ಸುಣ್ಣ ಹಚ್ಚುತ್ತಾ ನಕ್ಕಳು. "ಇದ್ರಾಗ ಹೊಸಾದೇನೈತಿ? ನಾ ನಿಮ್ಮಷ್ಟಿದ್ದಾಗ ಹರದೇಶಿ ಪರಸ್ಯಾನ ಮೀಸಿ ಬಗ್ಗೆ ಒಂದು ಪದ ಕಟ್ಟಿದ್ದೆ. ಪದದ ತುಂಬ ಬೆಕ್ಕಿನ ಸುದ್ದಿ. ಮರುದಿನ ಅಂವಾ ಮೀಸಿ ತಗಸಿದ."

"ಆಮ್ಯಾಲೆ ಮಾತು ಬಿಟ್ರೇನು?"

"ಯಾಕ ಬಿಡ್ತಾರ? ಸವಾಲು ಒಗದ ಮ್ಯಾಲ ಜವಾಬು ಬರಬೇಕು. ಜವಾಬಿನ ಮ್ಯಾಲ ಕಡೀಗೆ ಎರಡೂ ಮೇಳ ಕೂಡಿ ಮಂಗಳ ಹಾಡಬೇಕು. ಬೈದಾಂವ ಮಂಗಳ ಹಾಡದಾ ಏಳಬಾರ್ದು. ಬೈಸ್ಕೊಂಡಾಂವ ಜವಾಬು ಕೊಡದಾ ಏಳಬಾರ್ದು. ಸುಮ್ಮ ಎದ್ದು ಹೋದ್ರ ಅದು ಬೈಗಳಕಿಂತ ಕೆಟ್ಟದ್ದು. ನೀ ನನಗ ಲೆಕ್ಕಕ್ಕಾ ಇಲ್ಲ ಅಂದಂಗ."

ಇದನ್ನು ನೆನಪಿಡಿ. ನಾನು ಬೇಕಂತಲೇ ಮರೆತಿದ್ದ ಮಾತು ಇದು, ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಆಟ ಶುರುವಾಯಿತು. ಮೌನೇಶ ನನ್ನ ಮೊದಲನೇ ಮಗ್ಗುಲಲ್ಲಿ ರೈಲಿನ ಬಗ್ಗೆ ಒಂದು ಹಾಡು ತುಂಬಿಸಿ, ಅದರ ನಡುವೆ ಎರಡು ಸಾಲು ಮುಚ್ಚಿಟ್ಟ.

'ಚೈನು ಹೊಳಿತೈತಿ ಕೊಳ್ಳಾಗ, ಸೈಕಲ್ ನಿಂತೈತಿ ಮನಿಯಾಗ,
ಚೀಟಿ ಹಾರಿ ಹೋದ್ರ ಗಾಳ್ಯಾಗ, ಪದ ಉಳಿತಾವೇನು ಬಾಯಾಗ?'

ಸ್ಯಾಮ್ಸನ್ನನಿಗೆ ಸ್ಟೇಜಿನ ಮೇಲೆ ಚೀಟಿ ನೋಡದೆ ಹಾಡಲು ಬರುತ್ತಿರಲಿಲ್ಲ. ಕ್ಯಾಸೆಟ್ಟನ್ನು ಮುಖಾಮುಖಿ ಕೊಡುವ ರೂಢಿ ಅವರಲ್ಲಿರಲಿಲ್ಲ. ದಾವಲಸಾಬನ ಕೌಂಟರಿನ ಮೇಲೆ ಇಟ್ಟು, "ಅಂವಾ ಬಂದ್ರ ಕೊಡ್ರಿ" ಎಂದು ಹೊರಟುಬಿಡುವುದು. ಇನ್ನೊಬ್ಬ ಬಂದು ಒಯ್ದು, ಕೇಳಿ, ಬೈದದ್ದರ ಮೇಲೆಯೇ ತನ್ನ ಜವಾಬು ತುಂಬಿಸಿ ಮತ್ತೆ ಕೌಂಟರಿಗೆ ತಂದಿಡುವುದು. ಎರಡು ವರ್ಷದಲ್ಲಿ ನಾನು ಹೀಗೆ ಹದಿನೈದು ಸಾವಿರ ಸಲ ಗದಗ ರೋಡು ದಾಟಿದೆ. ರೋಡಿಗೆ ಹೊಂಡ ಬಿದ್ದದ್ದು ನನ್ನ ಓಡಾಟದಿಂದಲೇ. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುವಾಗ ನನ್ನ ಹೊಟ್ಟೆಯಲ್ಲಿ ಬೆಂಕಿ, ಎರಡೂ ಮನೆಯಲ್ಲಿ ನನ್ನದೇ ದಾರಿ ಕಾಯುವಿಕೆ. ಯಾವ ವಾಲಗದ ಕ್ಯಾಸೆಟ್ಟಿಗೆ ಈ ಮರ್ಯಾದೆ ಸಿಕ್ಕಿದೆ ಹೇಳಿ.

ಆದರೆ ತೊಂಬತ್ತೆಂಟರ ಹೊತ್ತಿಗೆ ಮೌನೇಶನ ತಲೆ ಸ್ವಲ್ಪ ತಿರುಗಿತ್ತು. ಸ್ಟೇಜಿನ ಮೇಲೆ ಚಪ್ಪಾಳೆ ಬೀಳುತ್ತಿದ್ದದ್ದು ಅವನ ದನಿಗೆ. ಅವನು ಹಾಡುತ್ತಿದ್ದ ಪದಗಳಲ್ಲಿ ಮುಕ್ಕಾಲು ಪಾಲು ಆಯಿಯ ಹಳೆಯ ಪದಗಳು, ಮೇಲೆ ಒಂದಿಷ್ಟು ಡಿಸ್ಕೋ ಬಣ್ಣ. "ನನ್ನ ಪದ" ಎಂದು ಹೇಳಿಕೊಳ್ಳುತ್ತಿದ್ದ. ಸ್ಯಾಮ್ಸನ್ ಒಮ್ಮೆ ನಗುತ್ತಲೇ ಕೇಳಿದ, "ನಿಂದು ಯಾವಾಗ ಕಟ್ಟಾಂವಲೇ?" ಮೌನೇಶ ಎರಡು ದಿನ ಅವನ ಜೊತೆ ಮಾತಾಡಲಿಲ್ಲ.

ಅದಾದ ಮೇಲೆ ಸ್ಯಾಮ್ಸನ್ ನನ್ನ ಎರಡನೇ ಮಗ್ಗುಲನ್ನು ತುಂಬಿಸಿದ. ಎಲ್ಲಿ ಕುಳಿತು ತುಂಬಿಸಿದ, ಯಾರು ಜೊತೆಗಿದ್ದರು ಎಂಬುದು ಈಗ ಬೇಡ. ಮೊದಲು ಒಂದು ಸಾದಾ ಹಾಡು. ಅದಾದ ಮೇಲೆ ಹತ್ತು ನಿಮಿಷ ಖಾಲಿ. ಆಮೇಲೆ ಬೈಗುಳ. ನಲವತ್ತನಾಲ್ಕು ಸಾಲು. ಒಂದೊಂದು ಸಾಲಿಗೂ ಒಂದೊಂದು ಕಿಟಕಿಯ ಗಾಜು ಒಡೆಯುವಂಥದ್ದು. ನನ್ನ ಪ್ಲಾಸ್ಟಿಕ್ಕು ಕರಗಿ ಮೂಲೆಯಲ್ಲಿ ಸ್ವಲ್ಪ ಸೊಟ್ಟಗಾಗಿದ್ದು ಆ ಬಿಸಿಗೇ. ನಲವತ್ತಮೂರು ಸಾಲು ನಾನು ಇಲ್ಲಿ ಹೇಳುವ ಹಾಗಿಲ್ಲ, ಓದುವವರಲ್ಲಿ ಹೆಣ್ಣುಮಕ್ಕಳು ಹಿರಿಯರು ಇರುತ್ತಾರೆ. ಒಂದನ್ನು ಹೇಳುತ್ತೇನೆ, ಯಾಕೆಂದರೆ ಎಲ್ಲ ಕೆಟ್ಟದ್ದು ಅದರಿಂದಲೇ.

'ಡಪ್ಪು ಕೊಟ್ಟಾಕಿ ಹೋದ್ರ ನಾಳಿ, ಕೈಯಾಗ ಏನೈತಿ ಹೇಳು?'

ಸ್ಯಾಮ್ಸನ್ ನನ್ನನ್ನು ಕೌಂಟರಿನ ಮೇಲಿಟ್ಟು ರೈಲ್ವೆ ತರಬೇತಿಗೆಂದು ಪೆರಂಬೂರಿಗೆ ಹೊರಟುಹೋದ. ಮೌನೇಶ ಆಗ ಮೆಟಡೋರಿನೊಂದಿಗೆ ಸವದತ್ತಿಯ ಕಡೆ ಮದುವೆಗಳಲ್ಲಿದ್ದ. ಅವನು ತಿರುಗಿ ಬಂದು ಎರಡು ದಿನವಾಗಿರಲಿಲ್ಲ, ನಿಂಬೆವ್ವ ಬೆಳಿಗ್ಗೆ ನೀರು ಕಾಯಿಸಲು ಒಲೆ ಮುಂದೆ ಕುಳಿತವಳು ಗೋಡೆಗೆ ಒರಗಿದಳು, ಏಳಲಿಲ್ಲ.

ಹದಿಮೂರನೇ ದಿನ ಮೌನೇಶ ಅಂಗಡಿಗೆ ಬಂದ. ದಾವಲಸಾಬ ಏನೂ ಅರಿಯದೆ ನನ್ನನ್ನು ಕೈಗಿತ್ತ. "ಸ್ಯಾಮ್ಸನ್ ಇಟ್ಟು ಹೋಗ್ಯಾನ. ಬ್ಯಾಸರ ಕಳೀಲಿ, ಕೇಳು."

ಮೆಟಡೋರಿನಲ್ಲಿ ಕುಳಿತು ಅವನು ನನ್ನನ್ನು ಸ್ಟೀರಿಯೋದೊಳಗೆ ತಳ್ಳಿದ. ಹಾಡು ಮುಗಿಯಿತು. ಗೆಳೆಯನ ಚಾಳಿ ಗೊತ್ತಿದ್ದರಿಂದ ಹತ್ತು ನಿಮಿಷದ ಖಾಲಿಯನ್ನು ಕಾದ, ಕಾಯುತ್ತಾ ಸ್ವಲ್ಪ ನಕ್ಕ ಕೂಡ. ಆಮೇಲೆ ಆ ಸಾಲು ಬಂತು. ಹದಿಮೂರು ದಿನದ ಕೆಳಗೆ ಡಪ್ಪು ಕೊಟ್ಟಾಕಿ ಹೋಗಿದ್ದಳು. ಅವನು ಸ್ಟೀರಿಂಗಿನ ಮೇಲೆ ಹಣೆ ಇಟ್ಟ. ಸಾಲುಗಳು ಮುಗಿದವು, ಮತ್ತೆ ಖಾಲಿ. ಅರ್ಧ ನಿಮಿಷವಾಗುವಷ್ಟರಲ್ಲಿ ನನ್ನ ಟೇಪು ಸಿಕ್ಕಿಕೊಂಡಿತು. ಮೌನೇಶ ಹೊರಗೆ ತೆಗೆಯುವ ಗುಂಡಿಯನ್ನು ಗುದ್ದಿದ, ಒಂದು ಸಲವಲ್ಲ, ಆರು ಸಲ. ಆ ಗುದ್ದಿಗೆ ಸ್ಟೀರಿಯೋ ನನ್ನನ್ನು ಹಲ್ಲಲ್ಲಿ ಕಚ್ಚಿ ಹಿಡಿಯಿತು. ನಾನು ಸಿಕ್ಕಿಬಿದ್ದದ್ದು ಹೀಗೆ, ಅವನ ಸಿಟ್ಟಿನಿಂದ. ಇದನ್ನೂ ನೆನಪಿಡಿ.

ಆವತ್ತಿನಿಂದ ನಾನು ಆ ಡಬ್ಬಿಯೊಳಗೆ. ಒಂದು ಗೇಣು ಅಗಲ, ನಾಲ್ಕು ಬೆರಳು ಎತ್ತರ. ಮುಂದೆ ಮುಚ್ಚಳದ ಸಂದಿನಿಂದ ಕೂದಲೆಳೆಯಷ್ಟು ಬೆಳಕು. ಕೆಳಗಿನಿಂದ ಇಂಜಿನ್ನಿನ ಕಾವು. ಎದೆಯ ಬಟ್ಟೆ ಟೇಪಿನ ಒಂದೇ ಜಾಗವನ್ನು ಯಂತ್ರದ ತಲೆಗೆ ಒತ್ತಿಕೊಂಡಿತ್ತು. ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ.

ನಾಲ್ಕು ತಿಂಗಳ ಮೇಲೆ ಸ್ಯಾಮ್ಸನ್ ಊರಿಗೆ ಬಂದ. ಅವನು ಬರೆದ ಕಾಗದಕ್ಕೆ ಉತ್ತರ ಹೋಗಿರಲಿಲ್ಲ. ಮೆಟಡೋರಿನ ಕಿಟಕಿಯ ಹತ್ತಿರ ನಿಂತ. ಮೌನೇಶ ಕೆಳಗಿಳಿಯಲಿಲ್ಲ. ಇಬ್ಬರ ನಡುವೆ ಬಾಗಿಲಿನ ತಗಡು, ಎರಡು ಮೊಳದಾಚೆ ನಾನು.

"ಆಯಿ ಸುದ್ದಿ ತಡಾ ಮಾಡಿ ಗೊತ್ತಾತಲೇ," ಅಂದ ಸ್ಯಾಮ್ಸನ್.

"ಆಕಿ ಹೆಸರು ತಗೀಬ್ಯಾಡ ನೀ."

ಸ್ಯಾಮ್ಸನ್ ಕೇಳಿದ, "ಕ್ಯಾಸೆಟ್ ಕೇಳಿದೇನು?"

"ಕೇಳೀನಿ."

"ಕಡೀತನಕ?"

"ಕಡೀತನಕ ಕೇಳೀನಿ. ಇನ್ನೇನರ ಉಳದೈತೇನು ಹೇಳೂದು?"

ಡಬ್ಬಿಯೊಳಗೆ ನಾನು ಮೈಯನ್ನೆಲ್ಲ ಬಿಗಿ ಹಿಡಿದೆ. ಅವನು ಹೇಳಿದ್ದು ನಿಜವಲ್ಲ ಎಂದು ಆ ಹೊತ್ತಿನಲ್ಲಿ ಗೊತ್ತಿದ್ದವನು ನಾನೊಬ್ಬನೇ. ಸ್ಯಾಮ್ಸನ್ನನ ದನಿ ತಗ್ಗಿತು. "ಕಡೀತನಕ ಕೇಳಿನೂ ಜವಾಬಿಲ್ಲ ಅಂದ್ರ, ಆತು ಬಿಡು." ಅವನ ಹೆಜ್ಜೆ ಅಂಗಡಿಯ ದಿಕ್ಕಿಗೆ ಹೋಗಿ, ಅಲ್ಲಿಂದ ಸ್ಟೇಷನ್ನಿನ ದಿಕ್ಕಿಗೆ ತಿರುಗಿತು. ಆಮೇಲೆ ಗುಂತಕಲ್ಲಿನಲ್ಲಿ ಕೆಲಸವಾಯಿತಂತೆ, ಅಲ್ಲಿಯೇ ಮನೆ ಮಾಡಿದನಂತೆ. ಗದಗ ರೋಡ್ ಮೇಳ ಅವತ್ತಿಗೆ ಮುಗಿಯಿತು.

ಮೌನೇಶ ಹಾಡುವುದನ್ನೇ ಬಿಟ್ಟ. ಬೇರೆಯವರ ಮೈಕು, ಬೇರೆಯವರ ಸ್ಪೀಕರು ಹೊತ್ತು ಊರೂರು ತಿರುಗಿದ. ದಾವಲಸಾಬ ಒಮ್ಮೆ ಸ್ಟೀರಿಯೋ ನೋಡಿ, "ಬಿಚ್ಚಿ ತಗದುಕೊಡ್ಲೇನು? ಹತ್ತು ನಿಮಿಷದ ಕೆಲಸ," ಅಂದಾಗ, "ಬ್ಯಾಡ್ರಿ ಮಾಮಾ. ಅದರಾಗಿದ್ದದ್ದು ಅಲ್ಲೇ ಕೊಳೀಲಿ," ಅಂದ. ಹತ್ತು ನಿಮಿಷದ ಕೆಲಸವಂತೆ. ಅಲ್ಲಿಂದಾಚೆ ನಾನು ಎಣಿಸಿದ್ದು ವರ್ಷಗಳನ್ನು.

ಸ್ಟೀರಿಯೋದಲ್ಲಿ ರೇಡಿಯೋ ಮಾತ್ರ ಸರಿಯಿತ್ತು. ನನ್ನ ನೆತ್ತಿಯ ಮೇಲೆಯೇ ಅದು ಹಾಡುತ್ತಿತ್ತು. ಕೃಷಿರಂಗ ಹೋಗಿ ಎಫ್‌ಎಂ ಬಂತು. ಕೆಲವು ವರ್ಷಗಳ ಮೇಲೆ ಕನ್ನಡದ ಹೊಸ ಹುಡುಗರು ರ್ಯಾಪ್ ಹಾಡತೊಡಗಿದರು. ಒಬ್ಬ ಇನ್ನೊಬ್ಬನನ್ನು ಕುಟುಕುವುದೂ ಬಂತು. ಸಂದರ್ಶನದಲ್ಲಿ ಆ ಹುಡುಗರು, ಕನ್ನಡದಲ್ಲಿ ಇದನ್ನು ಮೊದಲು ಮಾಡಿದ್ದು ನಾವು, ಅನ್ನುತ್ತಿದ್ದರು. ನನ್ನ ಹೊಟ್ಟೆಯಲ್ಲಿ ತೊಂಬತ್ತೆಂಟರ ಬೈಗುಳ ಬಿಸಿಬಿಸಿಯಾಗಿ ಕುಳಿತಿತ್ತು. ನಾನು ಕೂಗಿದೆ. ಕ್ಯಾಸೆಟ್ಟು ಕೂಗಬೇಕೆಂದರೆ ಯಾರಾದರೂ ತಿರುಗಿಸಬೇಕು.

ಇನ್ನೊಂದು ಸದ್ದು ಇತ್ತು, ರೇಡಿಯೋಕ್ಕಿಂತ ಕಷ್ಟದ್ದು. ಖಾಲಿ ರಸ್ತೆಯಲ್ಲಿ ಒಬ್ಬನೇ ಹೋಗುವಾಗ ಮೌನೇಶ ಸ್ಟೀರಿಂಗಿನ ಮೇಲೆ ಬೆರಳಿನಿಂದ ಆಯಿಯ ಡಪ್ಪಿನ ನಾಲ್ಕು ಪೆಟ್ಟು ಬಡಿಯುತ್ತಿದ್ದ. ಅವಳ ಒಂದು ಪದದ ಮೊದಲ ಸಾಲು ಗುನುಗಿ ನಿಲ್ಲಿಸುತ್ತಿದ್ದ. ಮುಂದಿನ ಸಾಲಿನ ಮಟ್ಟು ನೆನಪಾಗುತ್ತಿರಲಿಲ್ಲ. ಒಂದು ದಿನ ಪಕ್ಕದಲ್ಲಿ ಕುಳಿತ ಶಾಮಿಯಾನದ ಈರಪ್ಪನಿಗೆ ಹೇಳಿದ, "ಆಯಿದು ಫೋಟೋ ಐತಿ. ದನಿ ಇಲ್ಲ ನೋಡು. ಒಂದು ಕೆಮ್ಮರ ಹಿಡದಿಟ್ಟಿದ್ರ ಸಾಕಾಗಿತ್ತು. ಆಕಿ ಹೆಂಗ ಎತ್ತುತಿದ್ಲು ಅನ್ನೂದಾ ಹೋಗಿಬಿಡ್ತು ತಲಿಯಾಗಿಂದ."

ಅವನು ಹಾಗೆ ಅಂದಾಗ ಅವನ ಮೊಣಕಾಲಿಗೂ ನನಗೂ ಒಂದು ಗೇಣಿನ ಅಂತರ. ನಾನು ಏನು ಮಾಡಿದೆ? ಅವತ್ತು ನನ್ನೊಳಗೇ ನನ್ನ ಪ್ರತಾಪದ ಕಥೆಯನ್ನು ಮತ್ತೊಮ್ಮೆ ಹೇಳಿಕೊಂಡೆ. ನಲವತ್ತನಾಲ್ಕು ಸಾಲು ಅದೇ ಪ್ರಯಾಣದಲ್ಲಿ ಅರವತ್ತಾಯಿತು.

ಇಪ್ಪತ್ತನಾಲ್ಕು ವರ್ಷ ಕಳೆಯಿತು. ಕೊನೆಯ ಐದು ವರ್ಷ ಮೆಟಡೋರು ಓಡಲಿಲ್ಲ. ದಾವಲಸಾಬನ ಅಂಗಡಿಯ ಹಿಂದಿನ ಬೇವಿನಮರದ ಕೆಳಗೆ ಟೈರು ಇಳಿದು ನಿಂತಿತ್ತು. ಬ್ಯಾಟರಿ ತೆಗೆದ ಮೇಲೆ ರೇಡಿಯೋ ಕೂಡ ಇಲ್ಲ. ಮುಚ್ಚಳದ ಸಂದಿನ ಬೆಳಕಿಗೆ ಜೇಡ ಬಲೆ ಕಟ್ಟಿತು. ಆ ಐದು ವರ್ಷದ ಬಗ್ಗೆ ಬಡಾಯಿ ಕೊಚ್ಚಲು ನನಗೂ ಏನೂ ಸಿಕ್ಕುವುದಿಲ್ಲ.

ಹೋದ ಬೇಸಿಗೆಯಲ್ಲಿ ಗುಜರಿಯವರು ಗಾಡಿ ಒಯ್ಯಲು ಬಂದರು. ಅದಕ್ಕೆ ಮೊದಲು ದಾವಲಸಾಬ ಒಳಗೆ ಹತ್ತಿದ. ಈಗ ಅವನು ಮಿಕ್ಸರು ಫ್ಯಾನು ರಿಪೇರಿ ಮಾಡುತ್ತಾನೆ. ಗಡ್ಡ ಬೆಳ್ಳಗಾಗಿದೆ. ಮೌನೇಶ ಬಾಗಿಲ ಹತ್ತಿರ ನಿಂತಿದ್ದ.

"ಸ್ಟೀರಿಯೋ ನಾ ಬಿಚ್ಕೊಂತೀನಿ," ಅಂದ ದಾವಲಸಾಬ. "ಒಳಗಿಂದು ಬೇಕೋ ಬ್ಯಾಡೋ?"

ಮೌನೇಶ ಬಾಗಿಲಿನಿಂದ ತಲೆ ಒಳಗೆ ಹಾಕಿದ. "ಆಯಿ ಡಪ್ಪರ ಇದ್ದೀತು ಅದರಾಗ. ಮೊದಲನೇ ಮಗ್ಗಲದಾಗ. ಅದೊಂದು ಕೇಳಿ ಒಗದುಬಿಡೂಣು," ಅಂದ.

ಹತ್ತು ನಿಮಿಷದ ಕೆಲಸ ಎಂಟೇ ನಿಮಿಷದಲ್ಲಿ ಮುಗಿಯಿತು. ಸ್ಕ್ರೂ ತಿರುಗಿತು, ಮುಚ್ಚಳ ಎದ್ದಿತು, ಬೆಳಕು ಒಮ್ಮೆಲೇ ಸುರಿಯಿತು. ದಾವಲಸಾಬ ರಬ್ಬರ್ ಚಕ್ರಕ್ಕೆ ಸುತ್ತಿದ್ದ ನನ್ನ ಟೇಪನ್ನು ಚಿಮಟದಿಂದ ಒಂದೊಂದೇ ಸುತ್ತು ಬಿಡಿಸಿ, ನನ್ನನ್ನು ಅಂಗೈ ಮೇಲಿಟ್ಟುಕೊಂಡ. ನಂತರ ಅಂಗಡಿಗೆ ಒಯ್ದು ಕನ್ನಡಕ ಏರಿಸಿ ನೋಡಿದ.

"ಒಂದಾ ಕಡೆ ಮಡಚೈತಿ. ಉಳದದ್ದು ಚೊಕ್ಕ ಐತಿ." ಉಗುರಿನಿಂದ ಆ ಮಡಿಕೆಯನ್ನು ತೀಡಿದ. "ಇದು ಎರಡನೇ ಮಗ್ಗಲ ಇದ್ದಾಗ ಸಿಕ್ಕೊಂಡೈತಿ. ಸ್ವಲ್ಪ ಹಿಂದ ಸುತ್ತಿ ಹಚ್ಚಿ ನೋಡ್ತೀನಿ, ಮಡಿಕಿ ಹಾಯತೈತೋ ಇಲ್ಲೋ. ಆಮ್ಯಾಲ ನಿನ್ನ ಡಪ್ಪು."

ಬಾಲ್‌ಪೆನ್ನನ್ನು ನನ್ನ ಗಾಲಿಗೆ ತೂರಿಸಿ ಹಿಂದಕ್ಕೆ ಸುತ್ತಿದ. ಹಳೆಯ ಡೆಕ್ಕಿನೊಳಗೆ ಇಟ್ಟು ಗುಂಡಿ ಒತ್ತಿದ. ಮೌನೇಶ ಬೇಡವೆಂದು ಕೈ ಎತ್ತಿದ, ಅಷ್ಟರಲ್ಲಿ ಇಪ್ಪತ್ತನಾಲ್ಕು ವರ್ಷದ ಹಿಂದಿನ ಸ್ಯಾಮ್ಸನ್ ಹಾಡಿಬಿಟ್ಟಿದ್ದ.

'ಕಂಠ ನಂದು ಅಂತಾನ, ಕೇಳ್ರಿ ಅದರ ಒಡತಿ ಯಾರು?
ಮುದುಕಿ ಹಾಡಿದ್ದಾ ಹಾಡಿ ಮೆರಿತಾನ ಊರೂರು.
ಡಪ್ಪು ಕೊಟ್ಟಾಕಿ ಹೋದ್ರ ನಾಳಿ, ಕೈಯಾಗ ಏನೈತಿ ಹೇಳು?
ಖಾಲಿ ಡಬ್ಬಿ ಬಡಕೊಂತ ಕುಂಡ್ರು, ಮ್ಯಾಲೊಂದಿಷ್ಟು ಧೂಳು.'

ಅಷ್ಟೇ. ನೀವು ಎಣಿಸುತ್ತಿದ್ದೀರಿ ಎಂದು ಗೊತ್ತು. ನಾಲ್ಕು ಸಾಲು.

"ಇಷ್ಟಕ್ಕಾ?" ಅಂದ ದಾವಲಸಾಬ.

ಖಾಲಿ ಟೇಪು ಸರಸರ ಅನ್ನುತ್ತಿತ್ತು. ದಾವಲಸಾಬ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಮಡಿಕೆಗಾಗಿ ಕಾದ. ಅರ್ಧ ನಿಮಿಷ. ಮಡಿಕೆ ಬಂತು, ಒಮ್ಮೆ ಗೊರಕ್ ಎಂದು ಹಾದುಹೋಯಿತು. ಎರಡು ಸೆಕೆಂಡು. ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡರು.

"ಏ ಮೌನ್ಯಾ, ಸಿಟ್ಟು ಬಂತೇನೋ? ಬರ್ಲಿ. ಒಂದ್ ಎಲಿ ಅಡಿಕಿ ಹಾಕ್ಕೊಳ್ಳೂ ಅಷ್ಟು ಹೊತ್ತು ಉರೀಲಿ ಅಂತ ನಾನಾ ಇವಗ ಸುಮ್ಮ ಇರಾಕ ಹೇಳೀನಿ. ಆ ಮೂರನೇ ಸಾಲು ಇವಂದಲ್ಲ, ನಂದು. ನಾ ಹೋದ ಮ್ಯಾಲೂ ನೀ ಹಾಡಬೇಕಲ್ಲೋ. ನನ್ನ ಪದ ಎಷ್ಟು ದಿನ ಉಣ್ತಿ? ನಿನ್ನವು ಕಟ್ಟು. ಈಗ ಬಾ, ಮಂಗಳ ಹಾಡೂಣು. ಸ್ಯಾಮ್ಯಾ, ಡಬ್ಬಿ ಚಾಲೂ ಐತಿಲ್ಲೋ?"

"ಐತಿ ಆಯಿ, ಹಾಡ್ರಿ," ಎಂದಿತು ಸ್ಯಾಮ್ಸನ್ನನ ಎಳೆಯ ದನಿ.

ಡಪ್ಪು ಎದ್ದಿತು. ನಿಂಬೆವ್ವ ಎತ್ತಿದಳು. 'ಬೈದವರ ಬಾಯಿಗೆ ಬೆಲ್ಲದ ಮಂಗಳ.' ಸ್ಯಾಮ್ಸನ್ ಅನುಸರಿಸಿದ. 'ಕೇಳಿದವರ ಕಿವಿಗೆ ಮಲ್ಲಿಗಿ ಮಂಗಳ.' ಆಮೇಲೆ ದನಿಯಿಲ್ಲ, ಬರೀ ಡಪ್ಪು, ನಾಲ್ಕು ಪೆಟ್ಟು, ಮತ್ತೆ ನಾಲ್ಕು. ಮೂರನೆಯವನಿಗಾಗಿ ಬಿಟ್ಟ ಜಾಗ.

ಮೌನೇಶ ಸ್ಟೂಲಿನ ಮೇಲೆ ಕುಳಿತುಬಿಟ್ಟ. ಐವತ್ತು ಸಮೀಪಿಸಿದ ಗಂಡಸು ಎರಡೂ ಕೈಯಲ್ಲಿ ಡೆಕ್ಕನ್ನು ಹಿಡಿದುಕೊಂಡಿದ್ದ, ಎಲ್ಲಾದರೂ ಎದ್ದು ಹೋದೀತು ಅನ್ನುವ ಹಾಗೆ. "ಮತ್ತೊಮ್ಮೆ ಹಚ್ರಿ ಮಾಮಾ," ಅಂದ. ಕೇಳಿ ಮತ್ತೊಮ್ಮೆ ಅಂದ. ನಾಲ್ಕನೇ ಸಲಕ್ಕೆ ಮೊದಲು ದಾವಲಸಾಬ ತಾನೇ ಫೋನು ತೆಗೆದು, ತನ್ನ ಹತ್ತಿರವಿದ್ದ ಗುಂತಕಲ್ಲಿನ ನಂಬರು ಹಚ್ಚಿ, ಸ್ಪೀಕರಿಗೆ ಹಾಕಿ ಕೌಂಟರಿನ ಮೇಲಿಟ್ಟ, ಹಿಂದೆ ನನ್ನನ್ನು ಇಡುತ್ತಿದ್ದ ಜಾಗದಲ್ಲೇ.

"ಸ್ಯಾಮ್ಯಾ, ನಾ ಮೌನ್ಯಾ," ಅಂದ ಮೌನೇಶ.

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು.

"ಕಡೀತನಕ ಕೇಳೀನಿ ಅಂದಿದ್ನೆಲ್ಲ, ಅದು ಸುಳ್ಳು. ನಡುವ ಟೇಪು ಸಿಕ್ಕೊಂಡಿತ್ತು. ಇನ್ನೇನೂ ಇರಾಕಿಲ್ಲ ಅಂತ ತಿಳದಿದ್ದೆ. ಈಗ ಕೇಳಿದೆ."

"ಈಗ ಅಂದ್ರ?"

"ಈಗಂದ್ರ ಈಗ. ಹತ್ತು ನಿಮಿಷ ಆತು."

ಸ್ಯಾಮ್ಸನ್ ಅಂದ, "ಇಪ್ಪತ್ತನಾಕು ವರ್ಷ ನಾ ಬೈಸ್ಕೊಂಡಂಗ ಇದ್ನೆಲ್ಲೋ, ಮಳ್ಳ." ಆಮೇಲೆ, "ಹಚ್ಚು. ಮುಂದಿನ ಸಾಲು ನಿಂದೈತಿ."

ದಾವಲಸಾಬ ಹಚ್ಚಿದ. ಬೆಲ್ಲದ ಮಂಗಳ ಹೋಯಿತು, ಮಲ್ಲಿಗಿ ಮಂಗಳ ಹೋಯಿತು. ಡಪ್ಪು ಕಾಯತೊಡಗಿತು. ಮೌನೇಶನ ದನಿ ತುಕ್ಕು ಹಿಡಿದ ಬಾಗಿಲಿನಂತೆ ತೆರೆದುಕೊಂಡಿತು.

'ಹೋದಾಕಿ ಕೈಯ ಡಪ್ಪಿಗೆ ಮಂಗಳ.
ತಡಾ ಆದ ಜವಾಬಿಗೆ ಮಂಗಳ.'

ಅದು ಆಯಿಯದಲ್ಲ, ಅವನೇ ಕಟ್ಟಿದ್ದು. ಫೋನಿನೊಳಗೆ ಸ್ಯಾಮ್ಸನ್ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

ದಾವಲಸಾಬ ನನ್ನನ್ನು ಡೆಕ್ಕಿನಿಂದ ತೆಗೆದು ಬೆಳಕಿಗೆ ಹಿಡಿದ. ನನ್ನ ಮೈಯನ್ನು ಎರಡೂ ಕಡೆ ತಿರುವಿ ನೋಡಿ, "ಒಂದು ಮಾತು ತಿಳೀವಲ್ದು," ಅಂದ. "ಸ್ಟೀರಿಯೋದ ಹಲ್ಲು ಮುರದಿಲ್ಲ, ಚಕ್ರ ಸವದಿಲ್ಲ. ಗುಂಡಿ ಗುದ್ದಿದ್ದಕ್ಕ ಟೇಪು ಹಿಂಗ ಸುತ್ತಂಗಿಲ್ಲ. ಅದು ಮೊದಲಾ ಸಡಲ ಆಗಿರಬೇಕು. ಅದೂ ಆಯಿ ಬಾಯಿ ತಗೀಬೇಕು ಅನ್ನೂದರಾಗ, ಸರಿಯಾಗಿ ಅಲ್ಲೇ ಮಡಚೈತಿ ನೋಡು."

ಮೌನೇಶನಿಗೆ ಅದು ಬೇಕಾಗಿರಲಿಲ್ಲ. ಅವನು ಫೋನಿನಲ್ಲಿ ನಗುತ್ತಿದ್ದ. ಆದರೆ ದಾವಲಸಾಬನ ಕನ್ನಡಕ ನನ್ನ ಮೇಲೆಯೇ ಇತ್ತು, ಮತ್ತು ಮೂವತ್ತು ವರ್ಷ ಕ್ಯಾಸೆಟ್ಟುಗಳ ಜೊತೆ ಬಾಳಿದವನ ಮುಂದೆ ಸುಳ್ಳು ನಿಲ್ಲುವುದಿಲ್ಲ.

ಹಾಗಾದರೆ ಕೇಳಿ. ಅಮೆರಿಕ ನನಗೆ ಗೊತ್ತಿಲ್ಲ. ನನ್ನ ಟೇಪಿನ ಉದ್ದ ನೂರಾ ಮೂವತ್ತೈದು ಮೀಟರು. ಹಾಸಿದರೆ ಈ ಅಂಗಡಿಯಿಂದ ರೈಲ್ವೆ ಗೇಟು ಕೂಡ ಮುಟ್ಟುವುದಿಲ್ಲ. ಓಣಿಯಲ್ಲಿ ಸೇರುತ್ತಿದ್ದವರು ಅರವತ್ತು ಎಪ್ಪತ್ತು ಮಂದಿ, ಗಣಪತಿಯನ್ನೂ ಸೇರಿಸಿ. ಮೂಲೆ ಸೊಟ್ಟಗಾದದ್ದು ಬಿಸಿಲಿಗೆ.

ಸ್ಯಾಮ್ಸನ್ ನನ್ನನ್ನು ತುಂಬಿಸಿದ್ದು ನಿಂಬೆವ್ವನ ಪಡಸಾಲೆಯಲ್ಲಿ. ಮೊಮ್ಮಗನಿಗಾಗಿ ಆಯಿ ತನ್ನ ಹಟ ಬಿಟ್ಟು ಒಂದೇ ಒಂದು ಸಲ ಡಬ್ಬಿಗೆ ದನಿ ಕೊಟ್ಟಳು. ಅದು ನನ್ನ ಕೈಗೆ ಬಂತು. ನನಗೆ ಗೊತ್ತಿತ್ತು, ಮಂಗಳ ಕೇಳಿದರೆ ಜಗಳ ಮುಗಿಯುತ್ತದೆ. ಜಗಳ ಮುಗಿದರೆ ಕೌಂಟರಿನಿಂದ ಮನೆಗೆ, ಮನೆಯಿಂದ ಕೌಂಟರಿಗೆ ನನ್ನನ್ನು ಯಾರು ಹೊತ್ತು ತಿರುಗುತ್ತಾರೆ? ಬೈಗುಳ ಇರುವವರೆಗೆ ನಾನು ಇಬ್ಬರಿಗೂ ಬೇಕಾದವನು. ಮುಗಿದ ಮರುದಿನ ಅದೇ ಇರುವೆಗಳ ಡಬ್ಬಿ.

ಆ ದಿನ ಮೌನೇಶ ಹಣೆ ಇಟ್ಟು ಕುಳಿತಿದ್ದಾಗ, ಇನ್ನೇನು ಆಯಿ ಗಂಟಲು ಸರಿಮಾಡಿಕೊಳ್ಳಬೇಕು ಅನ್ನುವಾಗ, ನಾನು ಒಂದು ಗಾಲಿಯನ್ನು ಚೂರು ಬಿಗಿ ಹಿಡಿದೆ. ಒಂದೆರಡು ದಿನದ ಮಟ್ಟಿಗೆ ಅಂದುಕೊಂಡಿದ್ದೆ. ಟೇಪು ಸಡಿಲವಾಗಿ ಚಕ್ರಕ್ಕೆ ಸುತ್ತಿತು. ಗುಂಡಿ ಗುದ್ದಿದ್ದು ಅದಾದ ಮೇಲೆ. ಆಮೇಲೆ ಬಿಡಿಸಿಕೊಳ್ಳಲು ನೋಡಿದೆ, ಬರಲಿಲ್ಲ.

ಅವನು ಖಾಲಿ ರಸ್ತೆಯಲ್ಲಿ ಗುನುಗಿ ನಿಲ್ಲಿಸಿದಾಗಲೆಲ್ಲ ಆಯಿಯ ದನಿ ನನ್ನಲ್ಲಿ ಎರಡು ಸೆಕೆಂಡಿನ ಆಚೆ ಇತ್ತು. ಅಳೆದರೆ ನಾಲ್ಕು ಬೆರಳಷ್ಟು ಟೇಪು.